ಧಮನಿಯ ಗೋಡೆಯನ್ನು ಇಲ್ಲೇ ಓದಬೇಕು

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬಂದಾಗ ಇಡೀ ರಾಜ್ಯ ತನ್ನ ಎದೆ ಮುಟ್ಟಿ ನೋಡಿಕೊಂಡಿತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರು ವರದಿ ಕೊಟ್ಟರು. ಕೋವಿಡ್ ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣುವುದಿಲ್ಲ, ಧೂಮಪಾನ, ಮಧುಮೇಹ, ರಕ್ತದೊತ್ತಡ, ಕೊಲೆಸ್ಟ್ರಾಲ್ ಇವೇ ಮುಖ್ಯ ಕಾರಣ ಎಂದರು. ಅದರ ಬೆನ್ನಿಗೆ ಸರ್ಕಾರ, ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಅವುಗಳಿಗೆ ಶವಪರೀಕ್ಷೆ ನಡೆಸಬೇಕು ಎಂದು ಪ್ರಕಟಿಸಿತು.

ಲಸಿಕೆಯ ವಾದದ ಗದ್ದಲದಲ್ಲಿ ಈ ಕೊನೆಯ ಮಾತನ್ನು ಹೆಚ್ಚು ಜನ ಕೇಳಿಸಿಕೊಳ್ಳಲಿಲ್ಲ. ನನಗೆ ಆ ಇಡೀ ಪ್ರಕರಣದಲ್ಲಿ ಅತ್ಯಂತ ಮುಖ್ಯವಾಗಿ ಕಂಡದ್ದು ಅದೇ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂಥ ತಾಲ್ಲೂಕುಗಳಿಗೆ ಆ ಆದೇಶದಿಂದ ಏನಾದರೂ ಪ್ರಯೋಜನ ಆಗಬೇಕಾದರೆ ಅದು ಪೊಲೀಸ್ ಕಡತ ಮುಚ್ಚುವ ವಿಧಿಯಾಗಿ ಉಳಿಯಬಾರದು. ಸತ್ತವರ ಧಮನಿಯ ತುಣುಕನ್ನು ತೆಗೆದು, ಸಂರಕ್ಷಿಸಿ, ಸೂಕ್ಷ್ಮದರ್ಶಕದ ಕೆಳಗೆ ಓದುವ ಪ್ರಯೋಗಾಲಯವೊಂದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ನಿಲ್ಲಬೇಕು. ಯಾಕೆಂದರೆ ಈ ಸೀಮೆಯ ರಕ್ತನಾಳಗಳ ಬಗ್ಗೆ ಇರುವ ಒಂದು ಪ್ರಶ್ನೆಗೆ ಉತ್ತರ ಈ ಸೀಮೆಯ ಜನರ ದೇಹದಲ್ಲಿ ಮಾತ್ರ ಇದೆ, ಮತ್ತು ಆ ಉತ್ತರ ದಿನದಿನಕ್ಕೆ ಕಳೆದುಹೋಗುತ್ತಿದೆ.

ಮೊದಲು ಶವಪರೀಕ್ಷೆಯ ಮಾತು. ನಲವತ್ತರ ಆಸುಪಾಸಿನ ಒಬ್ಬ ರೈತ ಹೊಲದಲ್ಲಿ ಕುಸಿದು ಅರ್ಧ ಗಂಟೆಯೊಳಗೆ ಪ್ರಾಣ ಬಿಟ್ಟನೆಂದುಕೊಳ್ಳಿ. ‘ಹಾರ್ಟ್ ಅಟ್ಯಾಕ್ ಆಯ್ತಂತೆ’ ಎಂದು ಊರು ಹೇಳುತ್ತದೆ. ಪೋಸ್ಟ್‌ಮಾರ್ಟಂ ಆದರೂ ಹೃದಯವನ್ನು ಬರಿಗಣ್ಣಿಂದ ನೋಡಿದರೆ ಬಹುಮಟ್ಟಿಗೆ ಏನೂ ಕಾಣುವುದಿಲ್ಲ. ರಕ್ತ ಸಿಗದೆ ಸತ್ತ ಹೃದಯಸ್ನಾಯು ಬಣ್ಣ ಬದಲಿಸಲು ಹಲವು ಗಂಟೆ ಬೇಕು. ಅಷ್ಟು ಹೊತ್ತು ಆ ಮನುಷ್ಯ ಬದುಕಿರಲೇ ಇಲ್ಲ. ಕಾರಣ ಇರುವುದು ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ಧಮನಿಗಳಲ್ಲಿ. ಅವುಗಳನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿದರೆ ಒಳಗಿನ ಹೆಪ್ಪು ಜಾರಿಹೋಗುತ್ತದೆ, ನಾಳ ಎಷ್ಟು ಕಿರಿದಾಗಿತ್ತು ಎಂಬುದೂ ತಿಳಿಯುವುದಿಲ್ಲ. ಹರಿತವಾದ ಬ್ಲೇಡಿನಿಂದ ಮೂರು ಮಿಲಿಮೀಟರಿಗೊಮ್ಮೆ ಅಡ್ಡಡ್ಡ ಕೊಯ್ಯಬೇಕು. ಸುಣ್ಣ ಕಟ್ಟಿದ ಭಾಗವಾದರೆ ಅದನ್ನು ಮೊದಲು ಫಾರ್ಮಲಿನ್‌ನಲ್ಲಿ ಸಂರಕ್ಷಿಸಿ, ಕೊಯ್ಯುವ ಮುನ್ನ ಆಮ್ಲದಲ್ಲಿಟ್ಟು ಮೆದುಮಾಡಬೇಕು. ಆಮೇಲೆ ಮೇಣ, ಕೂದಲಿಗಿಂತ ತೆಳುವಾದ ಪದರ, ಬಣ್ಣ, ಗಾಜಿನ ಪಟ್ಟಿ. ಇಷ್ಟು ಆಗದೆ ವರದಿಯಲ್ಲಿ ‘ಹೃದಯಸ್ತಂಭನ’ ಎಂದು ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ. ಪ್ರತಿ ಸಾವಿನಲ್ಲೂ ಹೃದಯ ನಿಂತೇ ನಿಲ್ಲುತ್ತದೆ.

ಧಮನಿ ರೋಗದ ಬಗ್ಗೆ ಲೋಕಕ್ಕೆ ಗೊತ್ತಿರುವುದರಲ್ಲಿ ಬಹುಪಾಲು ಇಂಥ ತಾಳ್ಮೆಯ ಕೆಲಸದಿಂದಲೇ ಬಂದದ್ದು. 1953ರಲ್ಲಿ ಅಮೆರಿಕದ ಮೂವರು ಸೇನಾ ವೈದ್ಯರು ಕೊರಿಯಾ ಯುದ್ಧದಲ್ಲಿ ಮಡಿದ 300 ಸೈನಿಕರ ಹೃದಯಗಳನ್ನು ಪರೀಕ್ಷಿಸಿ ಪ್ರಕಟಿಸಿದರು. ಆ ಹುಡುಗರ ಸರಾಸರಿ ವಯಸ್ಸು 22. ಅವರಲ್ಲಿ ನೂರಕ್ಕೆ 77 ಜನರ ಕೊರೊನರಿ ಧಮನಿಗಳಲ್ಲಿ ರೋಗದ ಗುರುತು ಬರಿಗಣ್ಣಿಗೇ ಕಾಣುವಂತಿತ್ತು. ಮುದುಕರ ಕಾಯಿಲೆ ಎಂದುಕೊಂಡಿದ್ದದ್ದು ಹದಿಹರೆಯದಲ್ಲೇ ಬೇರು ಬಿಡುತ್ತದೆ ಎಂದು ವೈದ್ಯಲೋಕ ಅರಿತದ್ದು ಹಾಗೆ. ಯಾವ ರಕ್ತಪರೀಕ್ಷೆಯೂ ಅದನ್ನು ಹೇಳಿರಲಿಲ್ಲ. ಮುಂದೆ ಭಾರತ ಮೂಲದ ರೋಗಶಾಸ್ತ್ರಜ್ಞೆ ರೇಣು ವಿರ್ಮಾನಿ ಮತ್ತು ಅವರ ಸಹೋದ್ಯೋಗಿಗಳು ಹಠಾತ್ ಸತ್ತವರ ನೂರಾರು ಹೃದಯಗಳನ್ನು ಕೊಯ್ದು ನೋಡಿ ಇನ್ನೊಂದು ಸಂಗತಿ ಸ್ಪಷ್ಟಪಡಿಸಿದರು. ಎಲ್ಲ ಹೃದಯಾಘಾತವೂ ಒಂದೇ ದಾರಿಯಲ್ಲಿ ಬರುವುದಿಲ್ಲ. ಕೆಲವರಲ್ಲಿ ಕೊಬ್ಬಿನ ಗಡ್ಡೆಯ ಮೇಲಿನ ತೆಳು ಪೊರೆ ಒಡೆದು ಹೆಪ್ಪುಗಟ್ಟುತ್ತದೆ. ಕೆಲವರಲ್ಲಿ ಪೊರೆ ಒಡೆಯುವುದೇ ಇಲ್ಲ; ನಾಳದ ಒಳಮೈ ಸವೆದು ಅಲ್ಲಿ ಹೆಪ್ಪು ಕೂರುತ್ತದೆ. ಈ ಎರಡನೆಯದು ವಯಸ್ಸಾಗದ ಹೆಂಗಸರಲ್ಲಿ, ಧೂಮಪಾನಿಗಳಲ್ಲಿ ಹೆಚ್ಚು.

ಇದರಿಂದ ಚಿಕಿತ್ಸೆಯೂ ಬದಲಾಗುತ್ತದೆ. ಚೀನಾದ ಹಾರ್ಬಿನ್ ನಗರದ ವೈದ್ಯರು 2017ರಲ್ಲಿ, ಒಳಮೈ ಸವೆದು ಹೃದಯಾಘಾತವಾದ ಆಯ್ದ ರೋಗಿಗಳನ್ನು ಸ್ಟೆಂಟ್ ಹಾಕದೆ ಔಷಧಗಳಲ್ಲೇ ನೋಡಿಕೊಳ್ಳಬಹುದು ಎಂದು ತೋರಿಸಿದರು. ಹಾಗಾದರೆ ಚಿಂತಾಮಣಿಯ ಮೂವತ್ತೈದರ ಬೀಡಿ ಸೇದುವವನಲ್ಲಿ ಆಗುತ್ತಿರುವುದು ಯಾವುದು? ಪೊರೆ ಒಡೆಯುವುದೋ, ಸವೆತವೋ? ಆಂಜಿಯೋಗ್ರಾಂ ‘ಬ್ಲಾಕ್’ ಎಲ್ಲಿದೆ, ಎಷ್ಟಿದೆ ಎಂದು ತೋರಿಸುತ್ತದೆ. ಅದು ರಕ್ತ ಹರಿಯುವ ದಾರಿಯ ನೆರಳು; ಗೋಡೆಯಲ್ಲಿ ಏನಾಗಿದೆ ಎಂಬುದನ್ನು ಆ ನೆರಳು ಹೇಳಲಾರದು.

ಇಷ್ಟೆಲ್ಲ ಕೊಯ್ದು ನೋಡುವುದೇಕೆ, ಬೀಡಿ ಬಿಡಿಸಿ ಶುಗರ್, ಬಿ.ಪಿ. ಹಿಡಿತದಲ್ಲಿಡಿ, ಸಾಕಲ್ಲ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಕ್ಕೆ ತೂಕವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ಸಂಶೋಧಕರೂ ಪಾಲ್ಗೊಂಡಿದ್ದ ‘ಇಂಟರ್‌ಹಾರ್ಟ್’ ಅಧ್ಯಯನ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ 53ರ ಆಸುಪಾಸಿನಲ್ಲಿ ಆಗುತ್ತದೆ, ಬೇರೆಡೆಯವರಿಗೆ ಸುಮಾರು 59ರಲ್ಲಿ ಎಂದು ಕಂಡುಕೊಂಡಿತು. ಚಿಕ್ಕ ವಯಸ್ಸಿನಲ್ಲೇ ನಮ್ಮವರಲ್ಲಿ ಅಪಾಯದ ಅಂಶಗಳು ಹೆಚ್ಚಿರುವುದೇ ಇದಕ್ಕೆ ಬಹುಪಾಲು ಕಾರಣ ಎಂದೂ ಅದೇ ಅಧ್ಯಯನ ಹೇಳಿತು. ಅದನ್ನು ನಾನು ಒಪ್ಪುತ್ತೇನೆ. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವುಗಳ ವಿರುದ್ಧದ ಕೆಲಸ ಒಂದು ದಿನವೂ ನಿಲ್ಲಬಾರದು. ಆದರೆ ‘ಬಹುಪಾಲು’ ಎಂಬ ಮಾತಿನ ಆಚೆಗೆ ಉಳಿಯುವ ಪಾಲು ಎಲ್ಲ ಊರಿನಲ್ಲೂ ಒಂದೇ ಆಗಿರಬೇಕಿಲ್ಲ. ನಮ್ಮ ಸೀಮೆಯಲ್ಲಿ ಆ ಪಾಲಿಗೆ ಒಂದು ನಿರ್ದಿಷ್ಟ ಹೆಸರಿರುವ ಸಾಧ್ಯತೆ ಇದೆ. ಅದು ಫ್ಲೋರೈಡ್.

ಶಾಶ್ವತ ನದಿಯಿಲ್ಲದ ಈ ಬಯಲುಸೀಮೆಯಲ್ಲಿ ಕೆರೆ ಬತ್ತಿದಂತೆ ಕೊಳವೆಬಾವಿ ಇಳಿಯುತ್ತಾ ಹೋಯಿತು. ಸಾವಿರ ಅಡಿ ದಾಟಿದ್ದು ಈಗ ಯಾರಿಗೂ ಅಚ್ಚರಿಯಲ್ಲ. ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಗತಿಯಿಲ್ಲದಿದ್ದರೆ 1.5ರ ತನಕ ಎಂಬುದು ಭಾರತೀಯ ಮಾನದಂಡ. ಅದನ್ನು ಮೀರಿದ ನೀರನ್ನು ಜಿಲ್ಲೆಯ ಎಷ್ಟೋ ಹಳ್ಳಿಗಳು ದಶಕಗಟ್ಟಲೆ ಕುಡಿದಿವೆ. ಹಲ್ಲಿನ ಕಂದು ಕಲೆ, ಬಾಗಿದ ಮೂಳೆ, ಬಗ್ಗಲಾಗದ ಸೊಂಟ ನಮಗೆ ಗೊತ್ತು. 1937ರಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಈ ಕಾಯಿಲೆ ದೇಶದಲ್ಲಿ ಮೊದಲು ವರದಿಯಾದಾಗಿನಿಂದ ಫ್ಲೋರೋಸಿಸ್ ಎಂದರೆ ಹಲ್ಲು, ಮೂಳೆ ಎಂದೇ ನಾವು ಯೋಚಿಸಿದ್ದೇವೆ.

ಪ್ರಯೋಗಾಲಯಗಳು ಬೇರೆ ಕಡೆಗೂ ಬೆರಳು ತೋರಿಸಿವೆ. ದೆಹಲಿಯ ಏಮ್ಸ್‌ನಲ್ಲಿ ಫ್ಲೋರೋಸಿಸ್ ಸಂಶೋಧನೆಗೆ ಬದುಕು ಕೊಟ್ಟ ಎ.ಕೆ. ಸುಶೀಲಾ ಮತ್ತು ಸಹೋದ್ಯೋಗಿ 1990ರಲ್ಲಿ ಪ್ರಕಟಿಸಿದ ಪ್ರಬಂಧವೊಂದಿದೆ. ದೀರ್ಘಕಾಲ ಫ್ಲೋರೈಡ್ ತಿಂದ ಮೊಲಗಳ ಮಹಾಧಮನಿಯಲ್ಲಿ ಸುಣ್ಣ ಕಟ್ಟಿದ್ದನ್ನು ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಟರ್ಕಿಯ ಇಸ್ಪಾರ್ಟಾ ಪ್ರದೇಶದ ವೈದ್ಯರು 2010ರಲ್ಲಿ, ಫ್ಲೋರೋಸಿಸ್ ಇರುವವರ ಮಹಾಧಮನಿ ಹಿಗ್ಗುವ ಗುಣವನ್ನು ಕಳೆದುಕೊಂಡಿದೆ ಎಂದು ವರದಿ ಮಾಡಿದರು. ಸ್ಪೇನಿನ ಜರಗೋಜಾದಲ್ಲಿ 2014ರಲ್ಲಿ ನಡೆದ ಪ್ರಯೋಗ ಇನ್ನಷ್ಟು ಸೂಕ್ಷ್ಮ. ಪಾತ್ರೆಯಲ್ಲಿ ಬೆಳೆಸಿದ ಧಮನಿಯ ಜೀವಕೋಶಗಳಲ್ಲಿ ಫ್ಲೋರೈಡ್ ಸುಣ್ಣ ಕಟ್ಟುವುದನ್ನು ತಡೆಯಿತು. ಆದರೆ ಮೂತ್ರಪಿಂಡ ಕೆಟ್ಟ ಇಲಿಗಳಿಗೆ ಅದೇ ಫ್ಲೋರೈಡನ್ನು ಕುಡಿಯುವ ನೀರಿನಲ್ಲಿ ಕೊಟ್ಟರೆ ಧಮನಿ ಹೆಚ್ಚು ಸುಣ್ಣಗಟ್ಟಿತು, ಮೂತ್ರಪಿಂಡವೂ ಇನ್ನಷ್ಟು ಹದಗೆಟ್ಟಿತು.

ಈ ಕೊನೆಯ ಫಲಿತಾಂಶವನ್ನು ಓದಿದಾಗ ನನ್ನ ಕಣ್ಣಿಗೆ ಬಂದದ್ದು ನಮ್ಮ ಊರುಗಳೇ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋತು ಡಯಾಲಿಸಿಸ್‌ಗೆ ಓಡಾಡುವವರು ಈಗ ಯಾವ ತಾಲ್ಲೂಕಿನಲ್ಲಿ ಇಲ್ಲ? ಸೋತ ಕಿಡ್ನಿ ಫ್ಲೋರೈಡನ್ನು ಸರಿಯಾಗಿ ಹೊರಹಾಕಲಾರದು. ಹಳೆಯ ಕೊಳವೆಬಾವಿ ನೀರು, ಹೊಸ ಸಕ್ಕರೆ ಕಾಯಿಲೆ ಎರಡೂ ಒಂದೇ ದೇಹದಲ್ಲಿ ಸೇರಿದಾಗ ಧಮನಿಯ ಗೋಡೆಯಲ್ಲಿ ಏನಾಗುತ್ತದೆ ಎಂಬುದನ್ನು ಇಲಿ ಹೇಳಿ ಮುಗಿಸಲಾರದು.

ಧಮನಿ ಸುಣ್ಣಗಟ್ಟುವುದು ಪೈಪಿನಲ್ಲಿ ಕಿಟ್ಟ ಕಟ್ಟಿದಂತೆ ಜಡವಾಗಿ ಆಗುವ ಕೆಲಸವಲ್ಲ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲಿಂಡಾ ಡೆಮರ್ ಮತ್ತು ಸಹೋದ್ಯೋಗಿಗಳು ಮನುಷ್ಯನ ಕೆಟ್ಟ ಧಮನಿಯೊಳಗೆ ಮೂಳೆ ಕಟ್ಟುವ ಪ್ರೋಟೀನನ್ನೇ ಕಂಡರು. ನಾಳದ ಸ್ನಾಯುಕೋಶಗಳು ತಮ್ಮ ಕೆಲಸ ಮರೆತು ಮೂಳೆಕೋಶಗಳ ವರ್ತನೆ ಕಲಿಯುತ್ತವೆ. 1997ರಲ್ಲಿ ಇಲಿಗಳಿಂದ ಒಂದೇ ಒಂದು ರಕ್ಷಕ ಪ್ರೋಟೀನಿನ ವಂಶವಾಹಿಯನ್ನು ತೆಗೆದಾಗ ಅವುಗಳ ಧಮನಿಗಳು ಗಟ್ಟಿಯಾಗಿ ಒಡೆದು ಎರಡು ತಿಂಗಳೊಳಗೆ ಸತ್ತವು. ಅಂದರೆ ನಮ್ಮ ಧಮನಿಗಳು ಮೆತ್ತಗಿರುವುದು ದೇಹ ಎಡೆಬಿಡದೆ ಕಾಯುತ್ತಿರುವುದರಿಂದ. ಅಲ್ಲಿ ಕೂರುವ ಹರಳು ಮೂಳೆಯಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟ್ ಜಾತಿಯದೇ, ಮತ್ತು ಫ್ಲೋರೈಡಿಗೆ ಆ ಹರಳಿನ ಮೇಲೆ ವಿಶೇಷ ಸೆಳೆತ. ಎಷ್ಟು ಸೆಳೆತವೆಂದರೆ, 2014ರಲ್ಲಿ ಎಡಿನ್‌ಬರೋದ ವೈದ್ಯರು ವಿಕಿರಣಶೀಲ ಫ್ಲೋರೈಡನ್ನು ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಸೇರಿಸಿ, ಅದು ಹೋಗಿ ಕೂತ ಜಾಗ ನೋಡಿ, ಒಡೆದ ಮತ್ತು ಒಡೆಯುವ ಅಪಾಯದಲ್ಲಿರುವ ಗಡ್ಡೆಗಳನ್ನು ಗುರುತಿಸಿದರು. ಆ ಪರೀಕ್ಷೆಯ ಫ್ಲೋರೈಡ್ ಕಾಯಿಲೆ ತರುವುದಿಲ್ಲ, ತೋರಿಸುತ್ತದೆ ಅಷ್ಟೆ. ಆದರೂ ಮೂವತ್ತು ವರ್ಷ ಫ್ಲೋರೈಡನ್ನೇ ನೀರಿನಲ್ಲಿ ಕುಡಿದ ಸೀಮೆಯವನಾಗಿ ನಾನು ಆ ಪ್ರಬಂಧವನ್ನು ನಿರ್ಲಿಪ್ತನಾಗಿ ಓದಲಾರೆ.

ಇದರಿಂದ ಫ್ಲೋರೈಡ್ ನಮ್ಮವರ ಹೃದಯ ಒಡೆಯುತ್ತಿದೆ ಎಂದು ಸಾಬೀತಾಗಲಿಲ್ಲ. ಮೊಲಕ್ಕೆ ಕೊಟ್ಟ ಪ್ರಮಾಣ ಬೇರೆ, ಮನುಷ್ಯ ಕುಡಿದದ್ದು ಬೇರೆ. ಈ ಎಚ್ಚರ ತಪ್ಪಿದರೆ ಲಸಿಕೆಯ ಬಗ್ಗೆ ಹಬ್ಬಿದಂಥದೇ ಇನ್ನೊಂದು ಭಯ ಹಬ್ಬುತ್ತದೆ. ಪ್ರಶ್ನೆ ಗಂಭೀರವಾಗಿದೆ, ಉತ್ತರಿಸಲು ಸಾಧ್ಯವಿದೆ ಎಂಬಷ್ಟೇ ನನ್ನ ವಾದ. ಶವಪರೀಕ್ಷೆಯ ಸಮಯದಲ್ಲಿ ಧಮನಿಯ ತುಣುಕಿನ ಜೊತೆಗೆ ಪಕ್ಕೆಲುಬಿನ ಒಂದು ಸಣ್ಣ ಚೂರು ತೆಗೆದರೆ ಸಾಕು. ದೇಹ ಉಳಿಸಿಕೊಂಡ ಫ್ಲೋರೈಡಿನ ಬಹುತೇಕ ಎಲ್ಲವೂ ಮೂಳೆಯಲ್ಲೇ ಶೇಖರವಾಗುತ್ತದೆ. ಆ ಚೂರನ್ನು ಸುಟ್ಟು ಬೂದಿಯಲ್ಲಿ ಅಳೆದರೆ ಆ ಮನುಷ್ಯ ಜೀವಮಾನದಲ್ಲಿ ಸರಿಸುಮಾರು ಎಷ್ಟು ಫ್ಲೋರೈಡಿಗೆ ಒಡ್ಡಿಕೊಂಡಿದ್ದನೆಂಬ ಲೆಕ್ಕ ಸಿಗುತ್ತದೆ. ಒಂದು ಕಡೆ ಮೂಳೆಯ ಲೆಕ್ಕ, ಇನ್ನೊಂದು ಕಡೆ ಧಮನಿಯ ಸ್ಥಿತಿ. ವಯಸ್ಸು, ಬೀಡಿ, ಸಕ್ಕರೆ, ಕಿಡ್ನಿ ಇವನ್ನೂ ಲೆಕ್ಕಕ್ಕೆ ಹಿಡಿದು ಎರಡಕ್ಕೂ ನಂಟಿದೆಯೇ ನೋಡುವುದು. ಮೂಳೆಯಲ್ಲಿ ಸೀಸವೂ ಶೇಖರವಾಗುತ್ತದೆ, ಸೀಸ ಧಮನಿಗೆ ಕೆಟ್ಟದ್ದು ಎಂಬುದಕ್ಕೆ ಪುರಾವೆ ಬಲವಾಗಿದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ಕೊಳಚೆ ನೀರು ನಮ್ಮ ಕೆರೆಗಳಿಗೆ ಹರಿಯುತ್ತಿರುವಾಗ, ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಕೂಗುತ್ತಿರುವಾಗ, ಅದೇ ಮೂಳೆಚೂರು ಮುಂದಿನ ದಶಕಗಳಿಗೂ ಸಾಕ್ಷಿಯಾಗುತ್ತದೆ.

ಉತ್ತರ ಕಳೆದುಹೋಗುತ್ತಿದೆ ಎಂದದ್ದು ಇದಕ್ಕೇ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದಿವೆ. ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಮಕ್ಕಳು ತಂದೆತಾಯಿ ಕುಡಿದ ನೀರನ್ನು ಕುಡಿಯುತ್ತಿಲ್ಲ. ಅದು ಸಂತೋಷದ ವಿಷಯ. ಹಸಿ ಬೋರ್‌ವೆಲ್ ನೀರನ್ನೇ ನೆಚ್ಚಿಕೊಂಡು ಬೆಳೆದ ಪೀಳಿಗೆ ಈಗ ನಲವತ್ತರಿಂದ ಅರವತ್ತರ ನಡುವೆ, ಧಮನಿ ರೋಗ ಬಲಿ ತೆಗೆದುಕೊಳ್ಳುವ ವಯಸ್ಸಿನಲ್ಲಿದೆ. ಅವರೊಂದಿಗೆ ಆ ದಾಖಲೆಯೂ ಮಣ್ಣು ಸೇರುತ್ತದೆ.

ಶಿಡ್ಲಘಟ್ಟಕ್ಕೆ ಇನ್ನೊಂದು ಪ್ರಶ್ನೆ ಇದೆ. ರೇಷ್ಮೆ ನೂಲು ಬಿಚ್ಚಾಣಿಕೆ ಮನೆಗಳಲ್ಲಿ ಸೌದೆ ಒಲೆಯ ಹೊಗೆ, ಕುದಿನೀರಿನ ಹಬೆ, ಇಕ್ಕಟ್ಟು ಜಾಗದಲ್ಲಿ ದಿನವಿಡೀ ಕೆಲಸ. ಇದು ಧಮನಿಯನ್ನು ಏನು ಮಾಡುತ್ತಿದೆ? ಹೈದರಾಬಾದಿನ ಸುತ್ತಲ ಹಳ್ಳಿಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ, ಗಾಳಿಯಲ್ಲಿನ ಸೂಕ್ಷ್ಮ ಕಣ ಹೆಚ್ಚಾದಲ್ಲಿ ಕತ್ತಿನ ಧಮನಿಯ ಗೋಡೆ ದಪ್ಪವಾಗಿರುವುದನ್ನು ಅಲ್ಟ್ರಾಸೌಂಡಿನಲ್ಲಿ ಅಳೆದಿತ್ತು. ಅಂಥ ಅಳತೆ ಶಿಡ್ಲಘಟ್ಟದ ಬಿಚ್ಚಾಣಿಕೆ ಕೆಲಸಗಾರ ಹೆಂಗಸರಲ್ಲೂ ನಡೆಯಬೇಕು.

ಧಮನಿಯ ತುಣುಕಿಗಾಗಿ ಸಾವಿಗೇ ಕಾಯಬೇಕಾಗಿಯೂ ಇಲ್ಲ. ಸಕ್ಕರೆ ಕಾಯಿಲೆಯಿಂದ ಕೊಳೆತ ಕಾಲನ್ನು ಕತ್ತರಿಸಿದಾಗ ಆ ಕಾಲು ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲ ಸೇರಿ ಸುಟ್ಟುಹೋಗುತ್ತದೆ. ಅದರೊಳಗೆ ಮೊಣಕಾಲಿಂದ ಪಾದದ ತನಕ ಇಡೀ ಧಮನಿ ಇರುತ್ತದೆ. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ಕತ್ತರಿಸಿದ ಹನ್ನೊಂದು ಕಾಲುಗಳನ್ನು ಪರೀಕ್ಷಿಸಿಯೇ, ತಂಬಾಕು ಸೇದುವ ಗಂಡಸರ ಕಾಲಿನ ನಾಳ ಮುಚ್ಚುವ, ಇಂದು ಅವನ ಹೆಸರಿನಲ್ಲೇ ಕರೆಯುವ ಕಾಯಿಲೆಯನ್ನು ವಿವರಿಸಿದ. 2018ರಲ್ಲಿ ಅಮೆರಿಕದಲ್ಲಿ ನವನೀತ್ ನರುಲಾ ಮತ್ತು ಸಂಗಡಿಗರು ಇದೇ ರೀತಿ ಕತ್ತರಿಸಿದ ಕಾಲುಗಳನ್ನು ನೋಡಿ ಅನಿರೀಕ್ಷಿತವಾದದ್ದನ್ನು ಕಂಡರು: ಎಷ್ಟೋ ನಾಳಗಳಲ್ಲಿ ಕೊಬ್ಬಿನ ಗಡ್ಡೆ ಹೇಳಿಕೊಳ್ಳುವಷ್ಟು ಇರಲೇ ಇಲ್ಲ, ಹೆಪ್ಪು ಬಂದು ಮುಚ್ಚಿತ್ತು. ರೋಗಿಯ ಒಪ್ಪಿಗೆ ಪಡೆದು ನಮ್ಮ ಜಿಲ್ಲೆಯಲ್ಲಿ ಕತ್ತರಿಸಿದ ಕಾಲುಗಳಿಂದ ಹೀಗೆಯೇ ಧಮನಿ ತೆಗೆದಿಟ್ಟರೆ, ಕಾಲು ಕಳೆದುಕೊಂಡವನ ನೋವಿಗೂ ಒಂದು ಪ್ರಯೋಜನ ದೊರೆತೀತು.

ಎಲ್ಲಿ ಮಾಡುವುದು? ಚಿಕ್ಕಬಳ್ಳಾಪುರದಲ್ಲಿ ಈಗ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಯ ಬಳಿ 2023ರಲ್ಲಿ ಉಚಿತ ಶಿಕ್ಷಣದ ಶ್ರೀ ಮಧುಸೂದನ ಸಾಯಿ ವೈದ್ಯಕೀಯ ಕಾಲೇಜು ಶುರುವಾಗಿದೆ. ವೈದ್ಯಕೀಯ ಕಾಲೇಜು ಎಂದ ಮೇಲೆ ರೋಗಶಾಸ್ತ್ರ ವಿಭಾಗ, ನ್ಯಾಯವೈದ್ಯ ವಿಭಾಗ ಇರಲೇಬೇಕು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೂರೂ ತಾಲ್ಲೂಕು ಕೇಂದ್ರಗಳಿಂದ ಇಲ್ಲಿಗೆ ಹೆಚ್ಚೆಂದರೆ ಸುಮಾರು ಒಂದು ಗಂಟೆಯ ದಾರಿ. ದಿನಕ್ಕೆ ಎರಡು ಹೊತ್ತು ಹಳ್ಳಿಹಳ್ಳಿಯ ಹಾಲನ್ನು ಕೆಡದಂತೆ ಡೇರಿಗೆ ತಲುಪಿಸುವ ವ್ಯವಸ್ಥೆ ಕಟ್ಟಿದ ಜಿಲ್ಲೆಗೆ ವಾರಕ್ಕೊಮ್ಮೆ ಫಾರ್ಮಲಿನ್ ಡಬ್ಬಿ ತಲುಪಿಸುವುದು ಭಾರವಾಗದು. ಸಂಗ್ರಹದ ಮಾದರಿಯೂ ಹತ್ತಿರದಲ್ಲೇ ಇದೆ. ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ 1995ರಲ್ಲಿ ಆರಂಭಿಸಿದ ಮಿದುಳು ಅಂಗಾಂಶ ಭಂಡಾರ, ಕುಟುಂಬಗಳ ಒಪ್ಪಿಗೆಯಿಂದ ಪಡೆದ ಮಿದುಳುಗಳನ್ನು ದೇಶದ ಸಂಶೋಧಕರಿಗೆ ಒದಗಿಸುತ್ತಾ ಬಂದಿದೆ. ಧಮನಿಗೂ ಹಾಗೊಂದು ಭಂಡಾರ ಏಕಿರಬಾರದು?

ಸಂಶೋಧನೆ ಎಂಬುದು ಬೆಂಗಳೂರಿನ ಕೆಲಸ, ನಮ್ಮದು ರೋಗಿಗಳನ್ನು ಕಳಿಸುವ ಕೆಲಸ ಎಂಬ ಮನೋಭಾವ ಇಲ್ಲಿ ಆಳವಾಗಿದೆ. ಆದರೆ ಗೌರಿಬಿದನೂರಿನ ಬಳಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳು 1965ರಿಂದ ದೂರದೇಶಗಳ ಕಂಪನ ದಾಖಲಿಸುತ್ತಿವೆ, 1976ರಿಂದ ರೇಡಿಯೋ ದೂರದರ್ಶಕ ಸೂರ್ಯನನ್ನು ಆಲಿಸುತ್ತಿದೆ. ಅದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪುರಾವೆ ಕೇಳುವುದನ್ನೇ ಬದುಕಿನ ವ್ರತ ಮಾಡಿಕೊಂಡಿದ್ದರು.

ಕಷ್ಟದ ಆಕ್ಷೇಪ ಬರುವುದು ಮನೆಯವರಿಂದ. ಮಗನನ್ನು ಕಳೆದುಕೊಂಡ ತಾಯಿಗೆ ‘ಹೆಣ ಕೊಯ್ಯಬೇಕು’ ಎಂದರೆ ಅದು ಎರಡನೇ ಸಾವು. ಸೂರ್ಯ ಮುಳುಗುವ ಮೊದಲು ಮಣ್ಣು ಮಾಡಬೇಕೆಂಬ ಆತುರ, ಶವಾಗಾರದ ಮುಂದೆ ಕಾಯಿಸುವ ಅವಮಾನ, ಹಣ ಕೇಳುವ ಕೈಗಳು, ಇವೆಲ್ಲ ನಿಜ. ಕಡ್ಡಾಯ ಎಂಬ ಆದೇಶ ಈ ನಿಜಗಳನ್ನು ಎದುರಿಸದೆ ಜಾರಿಯಾದರೆ ಜನ ಸಾವನ್ನೇ ಮುಚ್ಚಿಡುತ್ತಾರೆ. ಸಾವಿನ ಕಾರಣ ತಿಳಿಯುವುದಕ್ಕೆ ಕಾನೂನಿನ ಬಲ ಇರಲಿ. ಸಂಶೋಧನೆಗಾಗಿ ತುಣುಕು ಇಟ್ಟುಕೊಳ್ಳುವುದಕ್ಕೆ ಬೇರೆಯೇ ಒಪ್ಪಿಗೆ ಬೇಕು. ಅದನ್ನು ಕನ್ನಡದಲ್ಲೂ ತೆಲುಗಿನಲ್ಲೂ ಉರ್ದುವಿನಲ್ಲೂ ಒಬ್ಬರು ಪಕ್ಕದಲ್ಲಿ ಕೂತು ವಿವರಿಸಬೇಕು. ಬೇಡ ಎಂದರೆ ಅಲ್ಲಿಗೇ ಬಿಡಬೇಕು. ದೇಹ ಅದೇ ದಿನ ಮನೆಗೆ ಹೋಗಬೇಕು. ದೇಹ ತೆರೆಯುವುದು ಯಾವ ಕಾರಣಕ್ಕೂ ಬೇಡ ಎನ್ನುವವರಿಗಾಗಿ, ದೆಹಲಿಯ ಏಮ್ಸ್ ತೋರಿಸಿಕೊಟ್ಟ ಸಿ.ಟಿ. ಸ್ಕ್ಯಾನಿನ ಶವಪರೀಕ್ಷೆ ಸುಣ್ಣದ ಪ್ರಮಾಣವನ್ನಾದರೂ ಹೇಳೀತು.

ಮಾತಿನ ಮೂಲಕ ಕಾರಣ ಹುಡುಕುವುದಕ್ಕೆ ಮಿತಿಯಿದೆ ಎಂಬುದೂ ನೆನಪಿರಲಿ. 18ರಿಂದ 45ರ ವಯಸ್ಸಿನವರ ಹಠಾತ್ ಸಾವಿನ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) 2023ರಲ್ಲಿ ಪ್ರಕಟಿಸಿದ ಅಧ್ಯಯನ 729 ಸಾವುಗಳನ್ನು 2,916 ಬದುಕಿರುವವರೊಂದಿಗೆ ಹೋಲಿಸಿತು. ಲಸಿಕೆಯಿಂದ ಅಪಾಯ ಹೆಚ್ಚಿಲ್ಲ ಎಂಬ ಅದರ ತೀರ್ಮಾನ ಅಮೂಲ್ಯವಾದದ್ದು. ಆದರೆ ಅದು ಬಹುಮಟ್ಟಿಗೆ ಮನೆಯವರನ್ನು, ನೆರೆಯವರನ್ನು ಕೇಳಿ ಕಟ್ಟಿದ ಚಿತ್ರ. ಅದೇ ಅಧ್ಯಯನದ ಪ್ರಕಾರ, ಹಾಗೆ ಸತ್ತವರಲ್ಲಿ ಕುಟುಂಬದಲ್ಲಿ ಹಿಂದೆ ಇಂಥದೇ ಸಾವು ಸಂಭವಿಸಿದ್ದವರು ಹೆಚ್ಚಾಗಿದ್ದರು.

ಆ ಕೊನೆಯ ಅಂಶವೇ ನನ್ನ ಮಟ್ಟಿಗೆ ಈ ಪ್ರಯೋಗಾಲಯದ ಮೊದಲ ಸಮರ್ಥನೆ. ಮೂವತ್ತೆಂಟಕ್ಕೇ ಸತ್ತವನ ಕೊರೊನರಿ ಧಮನಿ ಕೊಬ್ಬಿನಿಂದ ತುಂಬಿದ್ದರೆ ಅದು ವಂಶದಲ್ಲಿ ಹರಿಯುವ ಅಧಿಕ ಕೊಲೆಸ್ಟ್ರಾಲ್ ಆಗಿರಬಹುದು. ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರ ನೊಬೆಲ್ ತಂದದ್ದು ಅದರ ರಹಸ್ಯ ಬಿಡಿಸಿದ ಕೆಲಸ. ಹಾಗಿದ್ದರೆ ಅವನ ಮಕ್ಕಳಲ್ಲಿ, ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಕೆಲವು ನೂರು ರೂಪಾಯಿಯ ರಕ್ತಪರೀಕ್ಷೆ, ಅಗ್ಗದ ಸ್ಟ್ಯಾಟಿನ್ ಮಾತ್ರೆ ಅವರನ್ನು ಉಳಿಸಬಲ್ಲದು. ಆದ್ದರಿಂದ ಗಾಜಿನ ಪಟ್ಟಿ ಓದಿದ ವೈದ್ಯರ ವರದಿ ಠಾಣೆಗೆ ಹೋದಂತೆ ಮನೆಗೂ ಹೋಗಬೇಕು. ಆಶಾ ಕಾರ್ಯಕರ್ತೆ ಅದನ್ನು ಹಿಡಿದು ತಿಥಿ ಮುಗಿದ ಮೇಲೆ ಆ ಮನೆಗೆ ಹೋಗಿ, ಅವನ ತಮ್ಮನಿಗೂ ತಂಗಿಗೂ ಮಕ್ಕಳಿಗೂ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ದಿನ ಗೊತ್ತುಮಾಡಬೇಕು.